ಬಾಗಿಲು ತಗುಲಿದ್ದು

ಕಾರು ಪೂರ್ತಿ ನಿಲ್ಲುವ ಮೊದಲೇ ಡ್ರೈವಿಂಗ್ ಮೇಷ್ಟ್ರು ಕುಳಿತಿದ್ದ ಕಡೆಯ ಬಾಗಿಲನ್ನು ಉಳಿಯಣ್ಣ ಎಳೆದು ತೆಗೆದ. ಒಳಗೆ ಮೇಷ್ಟ್ರು ತಮ್ಮ ಪಾಲಿನ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಸ್ಟಿಯರಿಂಗ್ ಹಿಡಿದಿದ್ದ ಹೆಂಗಸಿಗೆ, "ಕ್ಲಚ್ ಬಿಡುವಾಗ ಅವಸರ ಬೇಡ ಮೇಡಮ್, ಹೂವಿನ ಮೇಲಿಂದ ಕಾಲು ತೆಗೆದ ಹಾಗೆ..." ಎನ್ನುತ್ತಿದ್ದರು. ಆ ಮಾತು ಮುಗಿಯಲಿಲ್ಲ. ಕೆನ್ನೆಗೆ ಬಿದ್ದ ಏಟಿನ ಸದ್ದು ಮೈದಾನದ ಆಚೆ ತುದಿಯಲ್ಲಿ, ತಮ್ಮ ಸರದಿಗೆ ಕಾಯುತ್ತಿದ್ದವರ ಬೆಂಚಿನವರೆಗೂ ಕೇಳಿತು.

"ಇಳಿಯೋ ಕೆಳಗೆ! ಹೆಂಡತಿ ಮೈಮೇಲೆ ಕೈ ಮಾಡೋನು, ಊರ ಹೆಂಗಸರಿಗೆ ಗಾಡಿ ಕಲಿಸ್ತೀಯಾ?"

ತಂಗಿಯ ಮದುವೆಯಾದಾಗಿನಿಂದ ಅವಳ ಗಂಡನಾದ ಮೇಷ್ಟ್ರನ್ನು 'ಭಾವ, ನೀವು' ಎಂದೇ ಮಾತಾಡಿಸಿದ ಬಾಯಿ ಅದು. ಮೇಷ್ಟ್ರ ಕನ್ನಡಕ ಗೇರ್ ಕಡ್ಡಿಯ ಬುಡಕ್ಕೆ ಹಾರಿ ಬಿದ್ದಿತ್ತು. ಅವರು ಅದನ್ನು ಹುಡುಕಲಿಲ್ಲ. ಮೊದಲು ಪಕ್ಕದ ಹೆಂಗಸಿನ ಕಡೆ ತಿರುಗಿ, "ಮೇಡಮ್, ನ್ಯೂಟ್ರಲ್‌ಗೆ ಹಾಕಿ. ಹ್ಯಾಂಡ್‌ಬ್ರೇಕ್ ಎಳೀರಿ," ಎಂದರು. ಆಕೆ ಎಳೆದ ಮೇಲೆ ತಾವು ಇಳಿದರು.

"ಏನಾಯ್ತು ಭಾವ?" ಎಂದರು ಮೇಷ್ಟ್ರು.

"ಏನಾಯ್ತಾ? ಅವಳ ತೋಳು ನೋಡಿದೀಯಾ ನೀನು?"

"ನೋಡಿದೀನಿ. ಅದಕ್ಕೇ ಇವತ್ತು ಸಾಯಂಕಾಲ ಡಾಕ್ಟ್ರ ಹತ್ರ..."

'ನೋಡಿದೀನಿ' ಎಂಬಷ್ಟೇ ಉಳಿಯಣ್ಣನ ಕಿವಿಗೆ ಬಿದ್ದಿದ್ದು. ಅವನ ಕೈ ಇನ್ನೊಂದು ಸಲ ಎದ್ದಿತು. ಪಕ್ಕದ ಗ್ಯಾರೇಜಿನಿಂದ ಇಬ್ಬರು ಓಡಿ ಬಂದು ಹಿಡಿದುಕೊಳ್ಳದೆ ಹೋಗಿದ್ದರೆ ಅದೂ ಬೀಳುತ್ತಿತ್ತು. ಸ್ಟಿಯರಿಂಗ್ ಮುಂದೆ ಕುಳಿತಿದ್ದ ಹೆಂಗಸು ಇಳಿದು, ಪರ್ಸನ್ನು ಎದೆಗವಚಿಕೊಂಡು, ಯಾರಿಗೂ ಏನೂ ಹೇಳದೆ ಗೇಟಿನ ಕಡೆ ನಡೆದಳು. ಬೆಂಚಿನ ಮೇಲಿದ್ದ ಇನ್ನಿಬ್ಬರು ಹೆಂಗಸರೂ ಅವಳ ಹಿಂದೆಯೇ ಹೋದರು. ಅವರು ಹೋದದ್ದನ್ನು ನೋಡುತ್ತಾ ಮೇಷ್ಟ್ರು ನಿಂತಿದ್ದರು. ಒಂದು ಕೆನ್ನೆ ಮಾತ್ರ ಕೆಂಪಗಿತ್ತು.

ಉಳಿಯಣ್ಣ ಮರಗೆಲಸದವನು. ಕೆಲಸ ಅಚ್ಚುಕಟ್ಟು, ಮಾತು ಮಾತ್ರ ಉಳಿಯ ಹಾಗೆ. ತಾಗಿದ ಕಡೆ ಒಂದು ಚಕ್ಕೆ ಎಬ್ಬಿಸದೆ ಬಿಡುತ್ತಿರಲಿಲ್ಲ. ಹೆಸರು ಬಂದಿದ್ದು ಹಾಗೆ. ಆ ಬೆಳಿಗ್ಗೆ ಅವನು ತಂಗಿಯ ಅಡುಗೆಮನೆಗೆ ಮಾಡಿದ್ದ ಶೆಲ್ಫನ್ನು ಕೂಡಿಸಲು ಹೋಗಿದ್ದ. ಅವಳು ಲೋಟ ಕೊಡಲು ಕೈ ಚಾಚಿದಾಗ ರವಿಕೆಯ ತೋಳು ಮೇಲೆ ಸರಿಯಿತು. ಮೊಣಕೈಯಿಂದ ಮೇಲಕ್ಕೆ, ಅಂಗೈ ಅಗಲದ ಕಲೆ. ನಡುವೆ ಕಪ್ಪು ನೀಲಿ, ಅಂಚಿನಲ್ಲಿ ಹಳದಿ. ಇನ್ನೊಂದು ಕೈಯಲ್ಲೂ ಒಂದು. ಮಣಿಕಟ್ಟಿನ ಹತ್ತಿರ ನಾಲ್ಕು ಬೆರಳು ಒತ್ತಿ ಹಿಡಿದ ಹಾಗೆ ಇನ್ನೊಂದು.

"ಇದೇನೇ ಇದು?"

"ಬಾಗ್ಲು ತಗುಲ್ತು ಕಣೋ."

"ಈ ಕಡೆದು?"

"ಅದು... ಗೊತ್ತಿಲ್ಲ. ಎದ್ದು ನೋಡ್ತೀನಿ, ಇರುತ್ತೆ." ಅವಳು ತೋಳನ್ನು ಕೆಳಗೆಳೆದುಕೊಂಡಳು. "ನಿನ್ನ ಕೆಲ್ಸ ನೋಡು."

ಆ ಮನೆಯ ಬಾಗಿಲುಗಳನ್ನೆಲ್ಲ ಮಾಡಿದವನು ಉಳಿಯಣ್ಣನೇ. ತಂಗಿ ಹುಷಾರಿಲ್ಲದವಳೆಂದು ಒಂದೊಂದರ ಅಂಚನ್ನೂ ಉಜ್ಜಿ ಉಜ್ಜಿ ದುಂಡಗೆ ಮಾಡಿದ್ದ. ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳಿದ. ಅವಳು ತರಕಾರಿ ಹೆಚ್ಚುತ್ತಿದ್ದವಳು ತಲೆಯೆತ್ತದೆ, "ಬಾಗಿಲಿಗೆ ಬೆರಳಿರುತ್ತೇನ್ರೀ?" ಎಂದಳು. ಅಷ್ಟು ಸಾಕಾಯಿತು. ಚಿಕ್ಕಂದಿನಲ್ಲಿ ಅಪ್ಪ ಅಮ್ಮನನ್ನು ಬಡಿಯುವಾಗ ಅವನು ತಂಗಿಯ ಕಿವಿ ಮುಚ್ಚಿ ಹಿಡಿದುಕೊಂಡು ಮಂಚದ ಕೆಳಗೆ ಕೂರುತ್ತಿದ್ದ. ಅಮ್ಮನೂ ಕೇಳಿದವರಿಗೆಲ್ಲ ಬಾಗಿಲು, ಮೆಟ್ಟಿಲು, ಬಚ್ಚಲು ಎನ್ನುತ್ತಿದ್ದಳು. ಈ ಸಲ ಮಂಚದ ಕೆಳಗೆ ಕೂರುವುದಿಲ್ಲ ಎಂದುಕೊಂಡೇ ಅವನು ಸೈಕಲ್ ಹತ್ತಿದ್ದ.

ಮೈದಾನದಿಂದ ವಾಪಸು ಬಂದವನಿಗೆ ಮಧ್ಯಾಹ್ನವೆಲ್ಲ ಒಂದು ಹುರುಪು. ಉಜ್ಜಲು ರಂದ ಹಿಡಿದರೆ ಹಲಗೆ ತಾನಾಗಿ ನುಣ್ಣಗಾಗುತ್ತಿತ್ತು. ಬಂದ ಗಿರಾಕಿಗಳಿಗೂ ಕೇಳದೆಯೇ ಹೇಳಿದ: "ಮೆತ್ತಗಿರೋರನ್ನ ನಂಬಬಾರದು ಸ್ವಾಮಿ."

ಹೊತ್ತು ಇಳಿಯುವಾಗ ಫೋನು ಬಂತು. ಮೇಷ್ಟ್ರದು. ತೆಗೆಯಬಾರದು ಎಂದುಕೊಂಡು ತೆಗೆದ.

"ಭಾವ, ಅವಳಿಗೆ ಮೂಗಲ್ಲಿ ರಕ್ತ ಬರ್ತಿದೆ, ನಿಲ್ತಾ ಇಲ್ಲ. ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಗಾಡಿ ನಾನು ಓಡಿಸ್ತೀನಿ. ಹಿಂದೆ ಅವಳನ್ನ ಹಿಡ್ಕೊಂಡು ಕೂರೋಕೆ ಒಬ್ಬರು ಬೇಕು. ಮನೆ ಮುಂದೆ ನಿಂತಿರಿ, ಬಂದೆ."

'ನಿಂತಿರಿ' ಎಂದರು. ಬೆಳಿಗ್ಗೆ ಏನೂ ನಡೆದೇ ಇಲ್ಲವೆಂಬಂತೆ.

'ಕಲಿಯುವವರು, ದಾರಿ ಬಿಡಿ' ಎಂದು ನೆತ್ತಿಯ ಮೇಲೆ ಫಲಕ ಹೊತ್ತ ಅದೇ ಕಾರು ಬಂದು ನಿಂತಿತು. ತಂಗಿ ಹಿಂದಿನ ಸೀಟಿನಲ್ಲಿ ಮುಂದಕ್ಕೆ ಬಾಗಿ ಕುಳಿತಿದ್ದಳು. ಮಡಿಲಲ್ಲಿದ್ದ ಟವೆಲ್ ಬಿಳಿಯೋ ಕೆಂಪೋ ತಿಳಿಯುವಂತಿರಲಿಲ್ಲ. ಉಳಿಯಣ್ಣ ಪಕ್ಕದಲ್ಲಿ ಕುಳಿತು ಅವಳ ಮೂಗಿನ ಮೆದು ಭಾಗವನ್ನು ಎರಡು ಬೆರಳಲ್ಲಿ ಹಿಡಿದ. ಬೆರಳ ಸಂದಿಯಿಂದ ಬಿಸಿಯಾಗಿ ಇಳಿಯುತ್ತಲೇ ಇತ್ತು. ಮನುಷ್ಯನ ರಕ್ತ ಇಷ್ಟು ತೆಳ್ಳಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಉಳಿ ತಾಗಿ ಅವನದೇ ಕೈ ಎಷ್ಟೋ ಸಲ ಕೊಯ್ದಿತ್ತು. ಒಂದು ಬಟ್ಟೆಚೂರು ಸುತ್ತಿ ಒಂದು ಬೀಡಿ ಸೇದುವಷ್ಟರಲ್ಲಿ ನಿಂತುಹೋಗುತ್ತಿತ್ತು.

ಕನ್ನಡಿಯಲ್ಲಿ ಮೇಷ್ಟ್ರ ಕೆನ್ನೆ ಕಾಣುತ್ತಿತ್ತು. ಉಳಿಯಣ್ಣ ಕಿಟಕಿಯ ಕಡೆ ನೋಡಿದ. ತನ್ನ ಎದೆಗೆ ಒರಗಿದ್ದ ತಂಗಿಯ ಎದೆಯೊಳಗಿನ ಲೋಹದ ಕವಾಟ ಗಡಿಯಾರದ ಹಾಗೆ ಕಟಕಟ ಎನ್ನುತ್ತಿತ್ತು. ಹೃದಯದ ಕವಾಟ ಕೆಟ್ಟಿತೆಂದು ಅದನ್ನು ಹಾಕಿಸಿದ್ದರು. ಅಂದಿನಿಂದ ಅವಳು ದಿನವೂ ಒಂದು ಮಾತ್ರೆ ನುಂಗಬೇಕು. ರಕ್ತ ತೆಳುವಾಗಿಡುವ ಮಾತ್ರೆ ಎಂದಷ್ಟೇ ಅವನಿಗೆ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಮೂಗಿಗೆ ಬತ್ತಿ ತುರುಕಿದರು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಆಮೇಲೆ ತೋಳು, ಮಣಿಕಟ್ಟು, ಮೊಣಕಾಲನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ಮೇಷ್ಟ್ರ ಕಡೆ ತಿರುಗಿ, "ನೀವು ಸ್ವಲ್ಪ ಹೊರಗಿರಿ," ಎಂದರು. ಮೇಷ್ಟ್ರು ಹೋದರು. ಡಾಕ್ಟರಮ್ಮ ದನಿ ತಗ್ಗಿಸಿದರು.

"ನಿಜ ಹೇಳಮ್ಮ. ಮನೇಲಿ ಯಾರಾದ್ರೂ ಹೊಡೀತಾರಾ?"

ಉಳಿಯಣ್ಣನ ಬೆನ್ನು ನೆಟ್ಟಗಾಯಿತು. ನೋಡಿದೆಯಾ, ಎನ್ನುವಂತೆ.

"ಅಯ್ಯೋ ಇಲ್ಲ ಡಾಕ್ಟ್ರೆ." ಮೂಗು ಕಟ್ಟಿದ್ದರಿಂದ ತಂಗಿಯ ದನಿ ಗೊಗ್ಗರಾಗಿತ್ತು. "ಅವ್ರು ಸೊಳ್ಳೆ ಹೊಡೆಯೋಕೂ ಹಿಂದೆಮುಂದೆ ನೋಡ್ತಾರೆ. ಮಂಚಕ್ಕೆ ಒರಗಿದ್ರೂ ಕಲೆ ಬೀಳ್ತಿದೆ. ಈ ಮಣಿಕಟ್ಟಿಂದು ನಾನೇ ಬಟ್ಟೆ ಹಿಂಡುವಾಗ ಒತ್ಕೊಂಡಿದ್ದು."

ಅಷ್ಟರಲ್ಲಿ ಪರೀಕ್ಷೆಯ ಫಲ ಬಂತು. ಅದನ್ನು ನೋಡಿ ಡಾಕ್ಟರಮ್ಮನ ಹುಬ್ಬು ಮೇಲೇರಿತು.

"ರಕ್ತ ಎಷ್ಟು ತೆಳುವಾಗಿದೆ ಅನ್ನೋ ಅಂಕಿ, ನಿಮಗೆ ಎರಡೂವರೆಯಿಂದ ಮೂರೂವರೆ ಒಳಗೆ ಇರ್ಬೇಕಾದ್ದು ಎಂಟು ದಾಟಿದೆ. ಮೂಗಲ್ಲಿ ಬಂತು, ಪುಣ್ಯ. ತಲೆ ಒಳಗೆ ಬಂದಿದ್ರೆ?"

ಉಳಿಯಣ್ಣನಿಗೆ ಅರ್ಥವಾಗಲಿಲ್ಲ. "ಅಂದ್ರೆ ಏನು ಡಾಕ್ಟ್ರೆ?"

"ನೀವು ಏನು ಕೆಲಸ ಮಾಡ್ತೀರಿ?"

"ಮರಗೆಲಸ."

"ಸರಿ, ಕೇಳಿ. ರಕ್ತ ಹೆಪ್ಪುಗಟ್ಟೋಕೆ ಬೇಕಾದ ಪ್ರೋಟೀನುಗಳು ಲಿವರಿನಲ್ಲಿ ತಯಾರಾಗುತ್ತವೆ. ಅದರಲ್ಲಿ ನಾಲ್ಕಕ್ಕೆ ಕೊನೇಲಿ ಒಂದೊಂದು ಕೊಕ್ಕೆ ಕೂಡಿಸ್ಬೇಕು. ಆ ಕೊಕ್ಕೆ ಇದ್ರೇ ಅವು ಗಾಯದ ಹತ್ತಿರ ಕಚ್ಚಿಕೊಳ್ಳೋದು. ಕೊಕ್ಕೆ ಕೂಡಿಸೋಕೆ ವಿಟಮಿನ್ ಕೆ ಬೇಕು. ಸೊಪ್ಪಿನಲ್ಲಿ ಇರುತ್ತಲ್ಲ, ಅದು. ಒಂದು ಸಲ ಬಳಸಿದ ವಿಟಮಿನ್ನನ್ನ ದೇಹ ಮತ್ತೆ ಸರಿಮಾಡಿ ಬಳಸುತ್ತೆ. ಇವರು ನುಂಗೋ ಮಾತ್ರೆ ಆ ಸರಿಮಾಡೋ ಕೆಲಸಾನ ತಡೆಯುತ್ತೆ. ಆಗ ಪ್ರೋಟೀನು ಬರುತ್ತೆ, ಆದ್ರೆ ಕೊಕ್ಕೆ ಇರಲ್ಲ. ಕವಾಟದ ಮೇಲೆ ರಕ್ತ ಗಡ್ಡೆಕಟ್ಟಬಾರದಲ್ಲ, ಅದಕ್ಕೆ ಸ್ವಲ್ಪ ಹಾಗಿರ್ಬೇಕು. ಇವರಿಗೆ ಈಗ ಸ್ವಲ್ಪ ಅಲ್ಲ, ಹೆಚ್ಚುಕಮ್ಮಿ ಕೊಕ್ಕೇನೇ ಇಲ್ಲ. ಅದಕ್ಕೇ ಮುಟ್ಟಿದ ಕಡೆಯೆಲ್ಲ ಒಳಗೊಳಗೇ ರಕ್ತ ಸೋರಿ ಕಲೆಯಾಗ್ತಿದೆ."

ಮುಟ್ಟಿದ ಕಡೆಯೆಲ್ಲ. ಉಳಿಯಣ್ಣ ತನ್ನ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಇದ್ದಕ್ಕಿದ್ದ ಹಾಗೆ ಹೀಗಾಗಲ್ಲ," ಡಾಕ್ಟರಮ್ಮ ತಂಗಿಯನ್ನು ಕೇಳಿದರು. "ಮಾತ್ರೆ ಎರಡೆರಡು ಸಲ ನುಂಗಿದ್ರಾ?"

"ಇಲ್ಲ."

"ಊಟ ಸರಿಯಾಗಿ ಮಾಡ್ತಿದ್ರಾ? ಸೊಪ್ಪು ಗಿಪ್ಪು?"

"ಹಲ್ಲು ನೋವಿತ್ತು ಡಾಕ್ಟ್ರೆ, ದವಡೆ ಊದಿತ್ತು. ಹಾಲು, ಬ್ರೆಡ್ಡು ಬಿಟ್ರೆ ಬಾಯಿಗೆ ಏನೂ ಹೋಗ್ತಿರ್ಲಿಲ್ಲ."

"ಹಲ್ಲು ನೋವಿಗೆ ಏನಾದ್ರೂ ಮಾತ್ರೆ ತಗೊಂಡ್ರಾ?"

ತಂಗಿಯ ಕಣ್ಣು ಒಂದು ಕ್ಷಣ ಅಣ್ಣನ ಮೇಲೆ ಬಿತ್ತು. ಕೂಡಲೇ ಗೋಡೆಗೆ ಹೋಯಿತು. "ತಗೊಂಡೆ. ಅಂಗಡೀಲಿ... ಕೇಳಿದೆ, ಕೊಟ್ರು."

"ಯಾವ ಮಾತ್ರೆ?"

"ಹೆಸರು ಗೊತ್ತಿಲ್ಲ."

"ಯಾವ ಅಂಗಡಿಯವನಮ್ಮ ಅವನು? ಈ ಔಷಧ ತಗೊಳ್ಳೋರಿಗೆ ಕೇಳದೆ ಇನ್ನೊಂದು ಮಾತ್ರೆ ಕೊಡೋದು ಅಂದ್ರೆ ವಿಷ ಕೊಟ್ಟ ಹಾಗೆ. ಅವನಿಗೆ ಬುದ್ಧಿ ಇದೆಯಾ?"

ಅಂಗಡಿಯವನು ಅಲ್ಲಿಯೇ, ಹಾಸಿಗೆಯ ಪಕ್ಕದಲ್ಲಿಯೇ ನಿಂತಿದ್ದ. ಹಿಂದೊಮ್ಮೆ ಉಳಿಯಣ್ಣನ ದವಡೆ ಊದಿಕೊಂಡಾಗ ಹಲ್ಲಿನ ಡಾಕ್ಟರು ಬರೆದುಕೊಟ್ಟ ಮಾತ್ರೆಗಳಲ್ಲಿ ಅರ್ಧ ಉಳಿದಿದ್ದವು. ತಂಗಿ ಕೆನ್ನೆ ಹಿಡಿದುಕೊಂಡದ್ದನ್ನು ನೋಡಿ, "ಡಾಕ್ಟ್ರ ಹತ್ರ ಹೋದ್ರೆ ಹಲ್ಲು ಕೀಳ್ತಾರೆ. ಇದನ್ನ ನುಂಗು, ನಂಗೆ ಎರಡೇ ದಿನಕ್ಕೆ ಕಡಿಮೆ ಆಯ್ತು," ಎಂದು ಅವನೇ ತಂದು ಕೊಟ್ಟಿದ್ದ. "ನಂದು ಬೇರೆ ಮಾತ್ರೆ ಇದೆಯಲ್ಲೋ," ಎಂದಾಗ, "ಅದು ಹೃದಯಕ್ಕೆ, ಇದು ಹಲ್ಲಿಗೆ. ಎಲ್ಲಿಯ ಹೃದಯ, ಎಲ್ಲಿಯ ಹಲ್ಲು!" ಎಂದು ನಕ್ಕಿದ್ದ.

ಹೇಳಬೇಕು ಎಂದುಕೊಂಡ. ನಾಲಿಗೆ ಏಳಲಿಲ್ಲ. ಎಲ್ಲರ ಮೇಲೂ ಚಕ್ಕೆ ಎಬ್ಬಿಸುತ್ತಿದ್ದ ನಾಲಿಗೆ.

"ಹೆಸರು ಗೊತ್ತಾದ್ರೆ ಒಳ್ಳೇದು," ಡಾಕ್ಟರಮ್ಮ ಅಂದರು. "ಈಗ ವಿಟಮಿನ್ ಕೆ ಕೊಡ್ಬೇಕು. ಸುಮ್ನೆ ಕೈತುಂಬ ಕೊಟ್ಟುಬಿಟ್ರೆ ಕವಾಟದ ಮೇಲೆ ರಕ್ತ ಗಡ್ಡೆಕಟ್ಟುತ್ತೆ. ಎರಡು ಕಡೆಯೂ ಅಪಾಯ. ಸ್ವಲ್ಪ ಕೊಟ್ಟು ನೋಡ್ಬೇಕು. ಆ ಮಾತ್ರೆ ಯಾವುದು, ಇನ್ನೆಷ್ಟು ದಿನ ಮೈಯಲ್ಲಿರುತ್ತೆ ಅಂತ ತಿಳೀಬೇಕಲ್ಲ."

ಬಾಗಿಲು ಸದ್ದಾಯಿತು. ಮೇಷ್ಟ್ರು ಒಳಗೆ ಬಂದು, ಅಂಗಿಯ ಜೇಬಿನಿಂದ ಅರ್ಧ ಖಾಲಿಯಾದ ಮಾತ್ರೆಗಳ ಹಾಳೆಯೊಂದನ್ನು ತೆಗೆದು ಡಾಕ್ಟರಮ್ಮನ ಮುಂದೆ ಇಟ್ಟರು.

"ಇದಾ ನೋಡಿ ಡಾಕ್ಟ್ರೆ. ಮನೇಲಿ ಸಿಕ್ತು."

ಡಾಕ್ಟರಮ್ಮ ಹೆಸರು ಓದಿ ತಲೆಯಾಡಿಸಿದರು. "ಇದೇ. ಈ ಮಾತ್ರೆ ಸೇರಿದ್ರೆ ರಕ್ತ ತೆಳು ಮಾಡೋ ಆ ಮಾತ್ರೆ ಮೈಯಿಂದ ಬೇಗ ಹೋಗಲ್ಲ. ಒಂದು ನುಂಗಿದ್ರೆ ಎರಡು ನುಂಗಿದ ಹಾಗೆ. ಅದರ ಮೇಲೆ ಸೊಪ್ಪೂ ಇಲ್ಲ, ಊಟವೂ ಇಲ್ಲ." ಯಾರು ಕೊಟ್ಟರೆಂದು ಅವರು ಮತ್ತೆ ಕೇಳಲಿಲ್ಲ. ನರ್ಸನ್ನು ಕರೆದರು.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕುಳಿತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಮೇಷ್ಟ್ರ ಬೆರಳುಗಳಲ್ಲಿ ಮಡಿಸಿದ ಒಂದು ಚೂರು ಉಜ್ಜುಕಾಗದ, ಮರ ನುಣ್ಣಗೆ ಮಾಡುವಂಥದ್ದು. ಮಾತ್ರೆಯ ಹಾಳೆಯನ್ನು ಅದರಲ್ಲೇ ಸುತ್ತಿ ತಂಗಿಗೆ ಕೊಟ್ಟಿದ್ದು ಉಳಿಯಣ್ಣನಿಗೆ ನೆನಪಾಯಿತು. ಇಡೀ ಓಣಿಯಲ್ಲಿ ಅಂಥ ಕಾಗದ ಇನ್ಯಾರ ಮನೆಯಲ್ಲಿದೆ?

"ಭಾವ, ಆ ಮಾತ್ರೆ..."

"ಗೊತ್ತು."

"ಯಾವಾಗಿಂದ?"

"ಈಗ ಹೊರಡುವಾಗ ಅವಳ ಔಷಧಿ ಡಬ್ಬಿ ತೆಗೆದೆ, ಅದರಲ್ಲಿತ್ತು."

ಅಂದರೆ ಮನೆ ಮುಂದೆ ಬಂದು ನಿಂತಾಗಲೇ ಗೊತ್ತಿತ್ತು. ತನ್ನನ್ನು ಹತ್ತಿಸಿಕೊಂಡು, ದಾರಿಯುದ್ದಕ್ಕೂ ಒಂದು ಮಾತೂ ಆಡದೆ ಗಾಡಿ ಓಡಿಸಿದ್ದರು.

"ಡಾಕ್ಟ್ರಿಗೆ ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ಡಾಕ್ಟ್ರಿಗೆ ಬೇಕಾಗಿದ್ದು ಮಾತ್ರೆ ಹೆಸರು," ಎಂದರು ಮೇಷ್ಟ್ರು.

ಉಳಿಯಣ್ಣ ಎದ್ದು ನಿಂತ, ಮತ್ತೆ ಕೂತ. "ತಪ್ಪಾಯ್ತು ಭಾವ. ನಿಮ್ಮ ಕಾಲಿಗೆ..."

"ಬೇಡ." ಮೇಷ್ಟ್ರು ಕಾಲುಗಳನ್ನು ಬೆಂಚಿನ ಕೆಳಕ್ಕೆ ಎಳೆದುಕೊಂಡರು. "ಅದೆಲ್ಲ ಈಗ ಬೇಡ. ಅವಳ ರಕ್ತ ನಿಲ್ಲಲಿ ಮೊದಲು."

ಬೆಳಗಾಗುವ ಹೊತ್ತಿಗೆ ರಕ್ತ ನಿಂತಿತು. ಅಂಕಿ ನಿಧಾನವಾಗಿ ಇಳಿಯತೊಡಗಿತು. ಮೇಷ್ಟ್ರು ಸ್ನಾನಕ್ಕೆಂದು ಮನೆಗೆ ಹೋದಾಗ ಉಳಿಯಣ್ಣ ತಂಗಿಯ ಹಾಸಿಗೆಯ ಪಕ್ಕ ಕುಳಿತ. ಮೈದಾನದ ಸುದ್ದಿ ಅವಳಿಗೆ ತಲುಪಿರಲಾರದು ಎಂದುಕೊಂಡಿದ್ದ. ಅವಳು ಕಣ್ಣು ತೆರೆಯದೆಯೇ ಕೇಳಿದಳು.

"ಯಾವ ಕೈಯಲ್ಲಿ ಹೊಡೆದೆ?"

ಅವನು ಬಲಗೈಯನ್ನು ಮಡಿಲಿಗೆ ಎಳೆದುಕೊಂಡ.

"ಅವ್ರು ಹೇಳ್ಲಿಲ್ಲ. ಗ್ಯಾರೇಜಿನವನ ಹೆಂಡತಿ ಫೋನು ಮಾಡಿದ್ಲು, ನಿನ್ನೆ ಮಧ್ಯಾಹ್ನವೇ. ಧೈರ್ಯವಾಗಿರು, ಅಣ್ಣ ಇದಾನೆ ನಿಂಗೆ, ಅಂದ್ಲು."

"ನಿನ್ನ ತೋಳು ನೋಡಿ ನಂಗೆ ಅಮ್ಮ..."

"ಅಮ್ಮನ್ನ ಅಡ್ಡ ತರ್ಬೇಡ." ಕಣ್ಣು ತೆರೆದಳು. "ಮಾತ್ರೆ ಕೊಟ್ಟೆ, ಅದು ಹೋಗ್ಲಿ, ನಾನೇ ನುಂಗಿದ್ದು. ನಂಗೂ ಬುದ್ಧಿ ಇರ್ಬೇಕಿತ್ತು. ಆದ್ರೆ ತೋಳಿಗೇನಾಯ್ತು ಅಂತ ನೀನು ಕೇಳ್ದೆ. ನಾನು ಬಾಗ್ಲು ತಗುಲ್ತು ಅಂದೆ. ಇನ್ನೊಂದು ಗೊತ್ತಿಲ್ಲ ಅಂದೆ. ಎರಡೂ ನಿಜ. ನನ್ನ ಮಾತು ನಂಬದೆ ಹೋಗಿ ನನ್ನ ಪರವಾಗಿ ಹೊಡೆದು ಬಂದ್ಯಲ್ಲ, ಯಾರು ಹೇಳಿದ್ರು ನಿಂಗೆ?"

ಉಳಿಯಣ್ಣ ಹಾಸಿಗೆಯ ಕಬ್ಬಿಣದ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕುಳಿತ. ಅವಳೇ, "ಬಾಯಿ ಒಣಗಿದೆ, ನೀರು ಕೊಡು," ಎಂದಳು. ಕೊಟ್ಟ.

ತಂಗಿ ಮನೆಗೆ ಬಂದ ಮೇಲೆ ಅವನು ಮೈದಾನಕ್ಕೆ ಹೋದ. ಬೆಂಚು ಖಾಲಿಯಿತ್ತು. ನಿವೃತ್ತರಾದ ಹಿರಿಯರೊಬ್ಬರು ಮಾತ್ರ ಕಾರನ್ನು ಹಿಂದಕ್ಕೆ ತೆಗೆಯುವುದನ್ನು ಕಲಿಯುತ್ತಿದ್ದರು. ಮೇಷ್ಟ್ರು ಕಾರಿನಿಂದಿಳಿದು ಅವನ ಹತ್ತಿರ ಬಂದರು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು.

"ಹೇಳೋಕೆ ಬಂದೆ ಭಾವ. ಗ್ಯಾರೇಜಿನವರಿಗೆ, ಆ ಹೆಂಗಸರಿಗೆ. ಎಲ್ಲರ ಮುಂದೆ ಹೊಡೆದಿದ್ದು, ಎಲ್ಲರ ಮುಂದೆ ಹೇಳ್ತೀನಿ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಹೇಳಿದ್ರೆ ಏನಂತಾರೆ ಗೊತ್ತಾ? ಮನೆ ಮರ್ಯಾದೆ ಉಳಿಸೋಕೆ ಭಾವಮೈದನನ್ನ ಕರೆಸಿ ಹೇಳಿಸಿದ ಅಂತಾರೆ. ಮೊದಲು ಒಬ್ಬ ಕೆಟ್ಟವನಿದ್ದ, ಆಮೇಲೆ ಇಬ್ಬರಾಗ್ತಾರೆ."

"ಹಾಗಂತ ಸುಮ್ನೆ ಇರ್ಲಾ?"

"ಅದು ನಿಮಗೆ ಬಿಟ್ಟಿದ್ದು." ಮೇಷ್ಟ್ರು ಕಾರಿನತ್ತ ನಡೆದರು. ಆ ಹಿರಿಯರು ಗಾಬರಿಯಿಂದ ಹಾರ್ನ್ ಒತ್ತುತ್ತಿದ್ದರು.

ಉಳಿಯಣ್ಣ ಹೇಳಿದ. ಮೊದಲು ಗ್ಯಾರೇಜಿನವರಿಗೆ. ಅವರು ಎಣ್ಣೆ ಕೈ ಒರೆಸಿಕೊಳ್ಳುತ್ತಾ, "ಸಂಸಾರ ಅಂದ್ಮೇಲೆ ಇರೋದೇ ಬಿಡಣ್ಣ, ರಾಜಿ ಆಯ್ತಲ್ಲ," ಎಂದರು. "ರಾಜಿ ಅಲ್ಲಯ್ಯಾ, ಅವ್ರು ಹೊಡೆದೇ ಇಲ್ಲ. ಮಾತ್ರೆಯಿಂದ ಆಗಿದ್ದು," ಎಂದ. "ಮಾತ್ರೆಯಿಂದ," ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಿವರು, ವಿಟಮಿನ್ನು, ಕೊಕ್ಕೆ ಎಂದು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಪ್ಪಿಸಿದ. ತನ್ನ ಬಾಯಲ್ಲಿ ಅದು ಕಟ್ಟುಕಥೆಯ ಹಾಗೆ ಕೇಳಿಸುವುದು ಅವನಿಗೇ ಗೊತ್ತಾಗುತ್ತಿತ್ತು.

ಅಂದು ಸ್ಟಿಯರಿಂಗ್ ಹಿಡಿದಿದ್ದ ಹೆಂಗಸಿನ ಮನೆ ಹುಡುಕಿಕೊಂಡು ಹೋದ. ಅವಳು ಬಾಗಿಲನ್ನು ಅರ್ಧವೇ ತೆರೆದು ಕೇಳಿಸಿಕೊಂಡಳು.

"ಆ ಇನ್ನೊಂದು ಮಾತ್ರೆ ಯಾರು ಕೊಟ್ಟಿದ್ದು?"

ಇದನ್ನು ಗ್ಯಾರೇಜಿನವರು ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ.

"ನಾನು," ಎಂದ. "ನಾನೇ ಕೊಟ್ಟಿದ್ದು. ಡಾಕ್ಟ್ರು ಕೇಳಿದಾಗ್ಲೂ ಬಾಯಿ ಬಿಡ್ಲಿಲ್ಲ."

ಅವಳು ಅವನನ್ನೇ ನೋಡಿದಳು. ಬಾಗಿಲನ್ನು ಇನ್ನಷ್ಟು ತೆರೆಯಲಿಲ್ಲ, ಮುಚ್ಚಲೂ ಇಲ್ಲ. "ನಾನು ಬೇರೆ ಕಡೆ ಸೇರಿಬಿಟ್ಟಿದೀನಿ," ಎಂದಳು. "ನನ್ನ ನಾದಿನಿ ಕಲೀಬೇಕು ಅಂತಿದಾಳೆ. ಹೇಳಿ ನೋಡ್ತೀನಿ."

ಆ ನಾದಿನಿ ಬಂದಳು. ಬೆಂಚಿನ ಮೇಲಿದ್ದ ಇಬ್ಬರಲ್ಲಿ ಒಬ್ಬಳು ಬಂದಳು, ಇನ್ನೊಬ್ಬಳು ಬರಲಿಲ್ಲ. ಮೇಷ್ಟ್ರು ಬಂದರೆ ಗ್ಯಾರೇಜಿನ ಮಾತು ಈಗಲೂ ಒಂದು ಗಳಿಗೆ ನಿಲ್ಲುತ್ತದೆ. ಉಳಿಯಣ್ಣ ಅಂಗಡಿಗೆ ಬಂದವರ ಹತ್ತಿರ ಮಾತು ಕಡಿಮೆ ಮಾಡಿದ. ಹೆಂಡತಿ, "ನಾನೂ ಅಂದೆನಲ್ಲ, ಬಾಗಿಲಿಗೆ ಬೆರಳು ಅಂತ," ಎಂದು ಒಂದು ಸಲ ಮೆಲ್ಲಗೆ ಶುರುಮಾಡಿದಳು. "ನೀನು ಅಂದೆ, ನಾನು ಹೋದೆ," ಎಂದು ಅವನು ಎದ್ದುಹೋದ.

ಮುಂದಿನ ರಕ್ತಪರೀಕ್ಷೆಗೆ ತಂಗಿಯನ್ನು ಕರೆದುಕೊಂಡು ಹೋಗಲು ಮೇಷ್ಟ್ರಿಗೆ ಆಗಲಿಲ್ಲ. ಹೊಸದಾಗಿ ಸೇರಿದ್ದ ಆ ನಾದಿನಿಯ ಲೈಸೆನ್ಸ್ ಪರೀಕ್ಷೆ ಅದೇ ಬೆಳಿಗ್ಗೆ ಇತ್ತು. "ಭಾವ, ನೀವು ಹೋಗ್ತೀರಾ ಜೊತೆಗೆ?" ಎಂದು ಫೋನು ಮಾಡಿದರು. ಉಳಿಯಣ್ಣ ಹೇಳಿದ್ದಕ್ಕಿಂತ ಬೇಗನೆ ಬಂದು ಅವಳ ಮನೆಯ ಮುಂದೆ ನಿಂತಿದ್ದ.

ಲ್ಯಾಬಿನ ಹುಡುಗಿ ರಕ್ತ ತೆಗೆದು, ಸೂಜಿ ಚುಚ್ಚಿದ ಕಡೆ ಹತ್ತಿಯ ಉಂಡೆಯೊಂದನ್ನು ಇಟ್ಟು, "ಗಟ್ಟಿಯಾಗಿ ಒತ್ತಿ ಹಿಡೀರಿ, ಸ್ವಲ್ಪ ಹೊತ್ತು," ಎಂದು ಮುಂದಿನವರ ಕಡೆ ಹೋದಳು. ತಂಗಿ ಒತ್ತಲು ಹೋದಳು. ಅವಳ ಇನ್ನೊಂದು ಕೈಯಲ್ಲಿ ಚೀಲವಿತ್ತು. ಉಳಿಯಣ್ಣ ಹೆಬ್ಬೆರಳನ್ನು ಹತ್ತಿಯ ಮೇಲಿಟ್ಟ. ಗಟ್ಟಿಯಾಗಿ ಎಂದರೆ ಎಷ್ಟು ಎಂದು ತಿಳಿಯಲಿಲ್ಲ. ಒತ್ತಿದ, ಸಡಿಲಿಸಿದ, ಮತ್ತೆ ಒತ್ತಿದ. ಉಳಿದ ನಾಲ್ಕು ಬೆರಳು ಅವಳ ತೋಳಿಗೆ ತಾಗದಂತೆ ಗಾಳಿಯಲ್ಲಿ ಹಿಡಿದುಕೊಂಡಿದ್ದ.

ಎದುರಿಗೆ ಕುಳಿತಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು.

"ಸಾಕು ಬಿಡೋ," ಎಂದಳು ತಂಗಿ. "ನಿಂತಿದೆ."

"ಇರು," ಎಂದು ಉಳಿಯಣ್ಣ ಹಾಗೆಯೇ ಹಿಡಿದುಕೊಂಡಿದ್ದ.